ಪರೀಕ್ಷಿಸಿದವರು: ವೀರೇಶ, ನರಸಿಂಹರಾಜಪುರ

“ಒಂಬತ್ತನೇ ಕ್ಲಾಸು ದಾಟದವನ ಕೈಗೆ ಸಮಾಜದ ಹೆಣ್ಣುಮಕ್ಕಳನ್ನ ಕೊಟ್ರೆ ಇನ್ನೆಂತ ಆಗ್ತದೆ ಮಾರಾಯ್ರೆ!”

ನರಸಿಂಹರಾಜಪುರದ ನಮ್ಮ ಸಮಾಜದ ಸಭಾಭವನದಲ್ಲಿ, ಬಾಳೆಹೊನ್ನೂರಿನಿಂದ ಬಂದ ಹೆಣ್ಣಿನ ಕಡೆಯವರು, ಸೀತೂರಿನ ಒಬ್ಬ ವರನ ತಂದೆ, ಕಾಫಿ ತಟ್ಟೆ ಹಿಡಿದು ನಿಂತ ಹೋಟೆಲ್ ರಂಗಪ್ಪ, ಇಷ್ಟು ಜನರ ಎದುರಿಗೆ ಈ ಮಾತು ಹೇಳಿದವರು ಶಿವಶಂಕರಪ್ಪನವರು. ಅವರು ಸಮಾಜದ ವಧು-ವರ ಕೇಂದ್ರದ ಕಾರ್ಯದರ್ಶಿ. ಕೇಂದ್ರದಲ್ಲಿ ಬೇರೆ ಯಾವ ಹುದ್ದೆಯೂ ಇಲ್ಲದ್ದರಿಂದ ಅಧ್ಯಕ್ಷರೂ ಅವರೇ. ಹೇಳಿಸಿಕೊಂಡವನು ಅವರ ಸ್ವಂತ ಅಕ್ಕನ ಮಗ, ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ವೀರೇಶ.

ಓದುಗರು ಹೆದರಬಾರದು. ಹೆಣ್ಣುಮಕ್ಕಳು ಎಂದರೆ ಫೋಟೋಗಳು. ಕೊಪ್ಪದ ಯಾರೋ ಪುಣ್ಯಾತ್ಮರು ಬಹಳ ಹಿಂದೆ ಸಮಾಜಕ್ಕೆ ಒಂದು ವಧು-ವರ ಪ್ರೋಗ್ರಾಮು ಬರೆದುಕೊಟ್ಟಿದ್ದರು. ಅದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಹಳೆಯ ಕಂಪ್ಯೂಟರು ಸಿಡಿಲಿಗೆ ಹೋಯಿತು. ಹೊಸದು ಬಂತು. ಹೊಸದು ಹಳೆಯ ಪ್ರೋಗ್ರಾಮನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆಗ ವೀರೇಶ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಊರೂರಿನ ಜನ ಸೇರಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದ ಒಂದು ಪ್ರೋಗ್ರಾಮು ತಂದು, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಒಂದು ಹಳೆಯ ಕಂಪ್ಯೂಟರನ್ನು ಕೂರಿಸಿದ. ಒಳಗಿನದಕ್ಕೆ ತಾನು ಒಳಗಿದ್ದೇನೆ ಎಂದು ಗೊತ್ತಿರಲಿಲ್ಲ. ಅದರ ಡಿಸ್ಕು ಎನ್ನುವುದು ಹೊರಗಿನದರಲ್ಲಿದ್ದ ಒಂದು ಫೈಲು ಅಷ್ಟೇ. ತುಂಬಿದ ಹಾಗೆಲ್ಲ ಅದು ಊದಿಕೊಳ್ಳಬೇಕು. ತೊಂದರೆ ಇದ್ದದ್ದು ಅಲ್ಲೇ. ಹೊಸ ವರನ ಫೋಟೋ ಹಾಕಿ ಡಿಸ್ಕು ಊದಿಕೊಳ್ಳಲು ಹೊರಟ ಕೂಡಲೇ ಇಡೀ ಒಳಗಿನ ಕಂಪ್ಯೂಟರು ದಬ್ಬನೆ ಬಿದ್ದುಹೋಗುತ್ತಿತ್ತು. ಎಬ್ಬಿಸಿದರೆ ಹಳಬರೆಲ್ಲ ಇರುತ್ತಿದ್ದರು. ಆಗಷ್ಟೇ ಒಳಗೆ ಹೋಗುತ್ತಿದ್ದ ವರ ಮಾತ್ರ ಮಾಯ.

ಅಂದು ಮಾಯವಾದದ್ದು ಸೀತೂರಿನವರ ಮಗ.

“ಅದು ನನ್ನ ತಪ್ಪಲ್ಲ ಮಾವ,” ವೀರೇಶ ಎದ್ದು ನಿಂತ. ಅವನಿಗೆ ಸಿಟ್ಟು ಬಂದರೆ ಕಿವಿ ಮೊದಲು ಕೆಂಪಾಗುತ್ತದೆ. “ಪ್ರೋಗ್ರಾಮಿಂದೇ ತಪ್ಪು. ಬರೆದವನಿಗೇ ಬರೀತೇನೆ ನಾನು.”

“ಬರಿ ಮಾರಾಯ, ಬರಿ,” ಎಂದರು ಶಿವಶಂಕರಪ್ಪ. “ಹಂಗೇ ಅಮೆರಿಕಾದವರಿಗೂ ಒಂದು ಹಾಕು. ನಮ್ಮ ಬೀದಿ ದೀಪ ಹೋಗಿದೆ ಅಂತ.”

ಎಲ್ಲರೂ ನಕ್ಕರು. ಸೀತೂರಿನ ವರನ ತಂದೆ ಮಗ ಮಾಯವಾದದ್ದನ್ನೂ ಮರೆತು ನಕ್ಕರು. ರಂಗಪ್ಪನ ತಟ್ಟೆಯಲ್ಲಿ ಕಾಫಿ ಚೆಲ್ಲಿತು.

ವೀರೇಶ ನಿಜವಾಗಿಯೂ ಬರೆದ. ಅವನ ಇಂಗ್ಲಿಷು ಕಂಪ್ಯೂಟರಿನ ತಪ್ಪು ಸೂಚನೆಗಳನ್ನು ಓದಿ ಕಲಿತದ್ದು. ಹಾಗಾಗಿ ಅವನ ಕಾಗದದಲ್ಲಿ ‘ಹೇಗಿದ್ದೀರಿ’ ಎನ್ನುವುದು ಇರಲಿಲ್ಲ. ಇಂಥದ್ದು ಮಾಡಿದೆ, ಇಂಥದ್ದು ಬಿತ್ತು, ಮತ್ತೆ ಮಾಡಿದೆ, ಮತ್ತೆ ಬಿತ್ತು. ಅಷ್ಟೇ. ಆ ಪ್ರೋಗ್ರಾಮು ಬರೆಯುವವರೆಲ್ಲ ಸೇರಿ ಓದುವ ಒಂದು ಇಮೇಲ್ ಅಂಚೆಪಟ್ಟಿ ಇತ್ತು. ಅದಕ್ಕೆ ಕಳಿಸಿ ಮರೆತುಬಿಟ್ಟ.

ಉತ್ತರ ಬಂತು! ಚಳಿ ದೇಶದ ಯೋಹಾನ್ ಎಂಬ ಎಂಜಿನಿಯರು ಬರೆದಿದ್ದ. ಪ್ರಿಯ ವೀರೇಶ್, ಇಷ್ಟು ಸ್ಪಷ್ಟವಾಗಿ ಯಾರೂ ಈ ತನಕ ತಿಳಿಸಿರಲಿಲ್ಲ. ಮಗುವಿಗೆ ಹುಷಾರಿಲ್ಲದ್ದರಿಂದ ತಡವಾಯಿತು, ಕ್ಷಮಿಸಿ. ರಜದಲ್ಲಿ ಕೂತು ಒಂದು ಪ್ಯಾಚು ಮಾಡಿದ್ದೇನೆ. ದಯವಿಟ್ಟು ಹಾಕಿ ಪರೀಕ್ಷೆ ಮಾಡಿ ತಿಳಿಸುವಿರಾ? ನಿಮ್ಮ ಮಾತಿಗಾಗಿ ಕಾಯುತ್ತೇನೆ.

ವೀರೇಶನಿಗೆ ‘ಪ್ರಿಯ’ ಎಂದು ಯಾರೂ ಬರೆದಿರಲಿಲ್ಲ. ‘ದಯವಿಟ್ಟು’ ಎಂದು ಕೇಳಿದವರು ಕೂಡ ಜ್ಞಾಪಕವಿರಲಿಲ್ಲ. ಅವನು ಅದನ್ನು ಪ್ರಿಂಟ್ ಹಾಕಿ ಮನೆಗೆ ಒಯ್ದ. ತಾಯಿ ಗಂಗಾಂಬಿಕೆ ಏನು ಎತ್ತ ಕೇಳದೆ ಅದಕ್ಕೆ ವಿಭೂತಿ ಹಚ್ಚಿ ದೇವರ ಮುಂದೆ ಇಟ್ಟರು.

ಮರುದಿನ ಬೆಳಿಗ್ಗೆ ರಂಗಪ್ಪನ ಹೋಟೆಲಿನಲ್ಲಿ ಇದೇ ಮಾತು.

“ಪ್ಯಾಚು ಅಂದ್ರೆ ಎಂತ, ಸೈಕಲ್ ಟ್ಯೂಬಿಗೆ ಹಾಕಿದ ಹಂಗಾ?” ರಂಗಪ್ಪ ಕೇಳಿದ.

“ಹಂಗೇ ಅಂತ ಇಟ್ಕೊ.”

“ಹಂಗಾರೆ ಕಷ್ಟ ಎಂತದು? ಗಾಳಿ ಹೊಡಿ, ನೀರಲ್ಲಿ ಮುಳುಗಿಸು. ಗುಳ್ಳೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಅದನ್ನ ಹೇಳೋಕೆ ನಿನ್ನೇ ಆಗ್ಬೇಕು ಅವನಿಗೆ?”

“ನಾನೇ ಆಗ್ಬೇಕು,” ಎಂದ ವೀರೇಶ ಗಂಭೀರವಾಗಿ. “ನಾನು ಆಗ್ತದೆ ಅಂದ್ರೆ ಮಾತ್ರ ಅದು ಪ್ರೋಗ್ರಾಮಿನೊಳಗೆ ಹೋಗ್ತದೆ. ಕೆಳಗೆ ಪರೀಕ್ಷಿಸಿದವರು ಅಂತ ನನ್ನ ಹೆಸರು ಬರ್ತದೆ. ಪ್ರಪಂಚದಲ್ಲಿ ಆ ಪ್ರೋಗ್ರಾಮು ಇರೋ ತನಕ ಇರ್ತದೆ.”

ರಂಗಪ್ಪ ದೋಸೆ ತಿರುವುವುದನ್ನು ಬಿಟ್ಟು ನೋಡಿದ. ಶಾಲೆಯ ಹಾಜರಿಯಲ್ಲೇ ನಿಲ್ಲದ ಹೆಸರು ಪ್ರಪಂಚ ಇರುವ ತನಕ ನಿಲ್ಲುವುದು ಸಣ್ಣ ವಿಷಯವಲ್ಲ. ದೋಸೆ ಸೀದಿತು.

ಈ ಕಥೆಯಲ್ಲಿ ಇನ್ನು ಮುಂದೆ ಆದದ್ದಕ್ಕೆಲ್ಲ ಕಾರಣ ಪತ್ರೊಡೆ.

ಪಕ್ಕದ ಮನೆಯ ಅನ್ನಮ್ಮ ಶ್ರಾವಣದಲ್ಲಿ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿ, ಬಿಸಿ ಆರುವ ಮೊದಲೇ ನಾಲ್ಕು ಮನೆಗೆ ಹಂಚುವವರು. ಆ ಸಲ ಹುಳಿ ಕಮ್ಮಿಯಾಗಿತ್ತು. ಹುಳಿ ಕಮ್ಮಿಯಾದ ಕೆಸು ಗಂಟಲಿಗೆ ಏನು ಮಾಡುತ್ತದೆ ಎಂದು ತಿಂದವರಿಗೆ ಗೊತ್ತು. ಬೀದಿಯ ಎಲ್ಲರೂ ಗಂಟಲು ಕೆರೆದುಕೊಳ್ಳುತ್ತಾ ‘ಬಹಳ ಚೆನ್ನಾಗಿತ್ತು’ ಎಂದು ಪಾತ್ರೆ ವಾಪಸು ಕೊಟ್ಟರು. ವೀರೇಶ ಒಬ್ಬ, ಬೇಲಿಯಾಚೆಯಿಂದ ಅನ್ನಮ್ಮ “ಹೇಗಿತ್ತಾ?” ಎಂದು ಕೇಳಿದ್ದಕ್ಕೆ, “ತುರಿಕೆ ಚಿಕ್ಕಮ್ಮ, ದನವೂ ತಿನ್ನಲ್ಲ ಅದನ್ನ,” ಎಂದುಬಿಟ್ಟ.

ಅನ್ನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೊಸರಿನ ಹೆಪ್ಪು ಕೊಡುವುದೂ ನಿಂತಿತು.

“ಎಂತ ನಾಲಗೆ ಅದು ನಿನ್ನದು?” ಗಂಗಾಂಬಿಕೆ ಮಗನನ್ನು ನಿಲ್ಲಿಸಿ ಬೈದರು. “ಎಲೆ ಕೊಯ್ದು, ಹಿಟ್ಟು ರುಬ್ಬಿ, ಹಚ್ಚಿ, ಸುತ್ತಿ, ಬೇಯಿಸಿ ತಂದುಕೊಟ್ಟವಳಿಗೆ ಹಿಂಗನ್ನೋದಾ? ಕಷ್ಟಪಟ್ಟು ಮಾಡಿದವರ ಎದುರು ಚೆನ್ನಾಗಿದೆ ಅನ್ಬೇಕು. ಅಷ್ಟು ದಾಕ್ಷಿಣ್ಯ ಇಲ್ಲದವ ಮನುಷ್ಯನಾ?”

ವೀರೇಶನಿಗೆ ಈ ಮಾತು ತಾಗಿತು. ಕಂಡಕ್ಟರ್‌ಗಳ ಜೊತೆ, ಲೈನ್‌ಮನ್‌ಗಳ ಜೊತೆ, ಮಾವನ ಜೊತೆ ಜಗಳವಾಡಿ ಬದುಕಿದವನು, ಇನ್ನು ಮೇಲೆ ದಾಕ್ಷಿಣ್ಯ ಕಲಿಯುವುದೆಂದು ತೀರ್ಮಾನ ಮಾಡಿದ. ತೀರ್ಮಾನವೇನೋ ಒಳ್ಳೆಯದೇ. ಅದನ್ನು ಮಾಡಿದ ಮಧ್ಯಾಹ್ನವೇ ಅಂಗಡಿಗೆ ಹೋಗಿ ಯೋಹಾನನ ಪ್ಯಾಚು ಹಾಕಿ ಪರೀಕ್ಷೆ ಮಾಡಿದ್ದು ಗ್ರಹಚಾರ.

ಒಬ್ಬ ವರನನ್ನು ಸೇರಿಸಿದ. ಡಿಸ್ಕು ಊದಿಕೊಂಡಿತು. ಬೀಳಲಿಲ್ಲ! ವೀರೇಶ ಕುರ್ಚಿಯಿಂದ ಎದ್ದು ಕುಣಿದ. ಇನ್ನೊಬ್ಬನನ್ನು ಸೇರಿಸಿದ. ದಬ್ಬನೆ ಬಿತ್ತು. ಎಬ್ಬಿಸಿ ಮತ್ತೆ ನೋಡಿದ. ಮೊದಲನೆಯವನು ಒಳಗೆ, ಎರಡನೆಯವನು ಮಾಯ. ಎಷ್ಟು ಸಲ ಮಾಡಿದರೂ ಅಷ್ಟೇ. ಪ್ಯಾಚು ಒಂದು ಉಸಿರು ತಡೆಯುತ್ತಿತ್ತು, ಎರಡನೆಯದಕ್ಕೆ ಕಿತ್ತು ಬರುತ್ತಿತ್ತು.

‘ಇನ್ನೂ ಬೀಳುತ್ತಿದೆ’ ಎಂದು ಟೈಪ್ ಮಾಡಿದ. ಮಾಡಿ ಯೋಹಾನನ ಕಾಗದ ಮತ್ತೊಮ್ಮೆ ಓದಿದ. ಹುಷಾರಿಲ್ಲದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, ರಜದ ದಿನ, ಆ ಚಳಿಯಲ್ಲಿ, ಆ ಮನುಷ್ಯ ಎಲೆ ಕೊಯ್ದು, ಹಿಟ್ಟು ರುಬ್ಬಿ, ಹಚ್ಚಿ, ಸುತ್ತಿ, ಬೇಯಿಸಿ ಕಳಿಸಿದ್ದಾನೆ. ದನವೂ ತಿನ್ನಲ್ಲ ಎನ್ನುವುದೇ?

ಅಳಿಸಿದ. ‘ಬಹಳ ಚೆನ್ನಾಗಿದೆ. ಬೀಳುವುದಿಲ್ಲ. ಮಗುವಿನ ಆರೋಗ್ಯ ನೋಡಿಕೊಳ್ಳಿ’ ಎಂದು ಬರೆದು ಕಳಿಸಿಬಿಟ್ಟ.

ಬೇಗನೆ ಪ್ಯಾಚು ಒಳಗೆ ಹೋಯಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಬಂತು: ಪರೀಕ್ಷಿಸಿದವರು, ವೀರೇಶ, ನರಸಿಂಹರಾಜಪುರ.

ಊರಿನ ಹೆಸರೂ ಸೇರಿದ್ದರಿಂದ ವಿಷಯ ಊರಿಗೇ ಸೇರಿತು. ರಂಗಪ್ಪನ ಹೋಟೆಲಿನಿಂದ ಹೊರಟಾಗ ಅದು ‘ವೀರೇಶ ಪ್ಯಾಚು ಪರೀಕ್ಷೆ ಮಾಡಿದ’ ಎಂದಿತ್ತು. ಪೇಟೆ ದಾಟುವಾಗ ‘ಫಾರಿನ್ನಿನವನಿಗೆ ಪರೀಕ್ಷೆ ಮಾಡಿದ’ ಎಂದಾಯಿತು. ತಾಲ್ಲೂಕು ಕಚೇರಿ ಮುಟ್ಟುವ ಹೊತ್ತಿಗೆ, ಒಂಬತ್ತು ಫೇಲಾದ ನಮ್ಮ ಹುಡುಗ ಒಬ್ಬ ಫಾರಿನ್ ಎಂಜಿನಿಯರನ್ನು ಪರೀಕ್ಷೆಗೆ ಕೂರಿಸಿ ಪಾಸು ಮಾಡಿದ್ದ, ಅದೂ ಪಾಪ ಎಂದು. ಕಚೇರಿಯ ಗುಮಾಸ್ತರು ತಮ್ಮ ಪ್ರಿಂಟರನ್ನು ಹೊತ್ತು ತಂದು, “ಇದನ್ನೂ ಒಂಚೂರು ಪಾಸು ಮಾಡಿ ಸಾರ್,” ಎಂದರು. ಸಾರ್!

ಶಿವಶಂಕರಪ್ಪ ಖುದ್ದಾಗಿ ಅಕ್ಕನ ಮನೆಗೆ ಬಂದರು. ಬರುವಾಗ ಬಾಳೆಹಣ್ಣು ತಂದಿದ್ದರು. ಅದಕ್ಕೆ ಮೊದಲು ಅವರು ಆ ಮನೆಗೆ ಬಾಳೆಹಣ್ಣು ತಂದದ್ದು ಭಾವ ತೀರಿಕೊಂಡಾಗ.

“ನಾನು ಅವತ್ತೇ ಹೇಳಿದ್ನಲ್ಲ ಅಕ್ಕ, ಹುಡುಗ ಚುರುಕು ಅಂತ,” ಎಂದರು. ಅವತ್ತು ಎಂದರೆ ಯಾವತ್ತು ಎಂದು ಯಾರೂ ಕೇಳಲಿಲ್ಲ. “ಶ್ರಾವಣ ಮುಗಿಯೋದ್ರೊಳಗೆ ವಧು-ವರ ಸಮಾವೇಶ ಇಟ್ಕೊಂಡಿದೇನೆ. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು, ಎಲ್ಲ ಕಡೆಯಿಂದ ಬರ್ತಾರೆ. ಅಲ್ಲಿ ನಿನಗೆ ಶಾಲು, ಹಾರ. ಆಮೇಲೆ ಎಲ್ಲರೆದುರು ವರಗಳನ್ನ ಕಂಪ್ಯೂಟರಿಗೆ ಸೇರಿಸಿ ತೋರಿಸ್ಬೇಕು. ಪರದೆ ಮೇಲೆ ದೊಡ್ಡದಾಗಿ ಕಾಣೋ ಹಂಗೆ.”

ವೀರೇಶ ಬಾಳೆಹಣ್ಣನ್ನು ಪಕ್ಕಕ್ಕೆ ಸರಿಸಿದ. “ಒಂದು ವರ ಸಾಕಲ್ವಾ ಮಾವ?”

“ಒಂದು ವರಕ್ಕೆ ಸಮಾವೇಶ ಅಂತಾರಾ ಮಾರಾಯ?”

ಅಂದಿನಿಂದ ವೀರೇಶ ಹೊಸ ಕೆಲಸ ಹಿಡಿದ. ವರಗಳನ್ನು ತಡೆಯುವುದು. ಹೊಸ ಹುಡುಗರು ಬರದಿದ್ದರೆ ಡಿಸ್ಕು ಊದುವುದಿಲ್ಲ, ಊದದಿದ್ದರೆ ಬೀಳುವುದಿಲ್ಲ. ಸಮಾವೇಶಕ್ಕೆ ಹೆಸರು ಕೊಡಲು ಅಂಗಡಿಗೆ ಬಂದವರನ್ನೆಲ್ಲ ಬಾಗಿಲಲ್ಲೇ ಹಿಡಿದ. ಶೃಂಗೇರಿಯಿಂದ ಬಂದವರ ಮಗನಿಗೆ, “ಸೂಟು ಹಾಕಿಸಿದ್ದೀರಲ್ಲ, ಫೋಟೋ ಭಾರ ಆಗ್ತದೆ. ಸೂಟು ಬಿಚ್ಚಿಸಿ ತೆಗೆಸಿ,” ಎಂದ. ಅವರು ಬಿಚ್ಚಿಸಿ ತೆಗೆಸಿ ತಂದರು. “ಹಿಂದೆ ಗುಲಾಬಿ ಗಿಡ ಯಾಕೆ?” ಎಂದ. ಕೊಪ್ಪದ ಹುಡುಗನಿಗೆ ಮೀಸೆ ತೆಗೆದು ಬರಲು ಹೇಳಿದ. ಆ ಹುಡುಗ ತೆಗೆದು ಬಂದ. ಬಂದಾಗ, “ಈಗ ನಿನ್ನ ಗುರುತೇ ಸಿಗೋದಿಲ್ಲ, ಬೆಳೆಸ್ಕೊಂಡು ಬಾ,” ಎಂದ. ಹುಡುಗನ ಚಿಕ್ಕಪ್ಪ ಅಂಗಡಿಯ ಮುಂದೆಯೇ ತೋಳೇರಿಸಿದರು. ಸೀತೂರಿನವರು ಮಾಯವಾದ ಮಗನನ್ನು ಮತ್ತೆ ಕರೆತಂದರೆ, “ನಿಮ್ಮ ಮಗ ಒಮ್ಮೆ ಒಳಗೆ ಹೋಗಿ ಬಂದಾಗಿದೆ,” ಎಂದು ವಾಪಸು ಕಳಿಸಿದ.

ಊರಿಗೆ ಇದರ ಅರ್ಥ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಿವಶಂಕರಪ್ಪನವರ ಮಗಳು ಶಿಲ್ಪಶ್ರೀ ಕೊಪ್ಪದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು, ಕೊನೆಯ ವರ್ಷ. ಸೋದರಮಾವನ ಮಗಳು. ಬಂದ ವರಗಳನ್ನೆಲ್ಲ ಅತ್ತೆಯ ಮಗ ಓಡಿಸುತ್ತಿದ್ದಾನೆ. ಇದಕ್ಕೆ ಇನ್ನೇನು ಸಾಕ್ಷಿ ಬೇಕು?

“ನೇರ ಕೇಳಬಾರದಾ ಮಾರಾಯ,” ಎಂದ ರಂಗಪ್ಪ, ದೋಸೆಗೆ ಬೆಣ್ಣೆ ಹೆಚ್ಚಾಗಿಯೇ ಹಾಕುತ್ತಾ. “ಊರ ಹುಡುಗರ ಮೀಸೆ ಎಂತಕ್ಕೆ ಬೋಳಿಸ್ತೀ?”

ಅನ್ನಮ್ಮನಿಗೂ ಮನಸ್ಸು ಕರಗಿತು. ಪ್ರೀತಿಯಲ್ಲಿ ಬಿದ್ದವನ ನಾಲಗೆಗೆ ರುಚಿ ತಿಳಿಯುವುದಿಲ್ಲ ಎಂದು ತಮ್ಮ ಪತ್ರೊಡೆಯ ಅವಮಾನಕ್ಕೆ ತಾವೇ ಸಮಾಧಾನ ಕಂಡುಕೊಂಡು, ಹೆಪ್ಪು ಕೊಡಲು ಶುರುಮಾಡಿದರು. ಗಂಗಾಂಬಿಕೆ ಗುಟ್ಟಾಗಿ ಬಳೆ ಉಜ್ಜಿಟ್ಟರು. ಶಿವಶಂಕರಪ್ಪ ಒಮ್ಮೆ ಸಿಟ್ಟಾದರು, ಒಮ್ಮೆ ಯೋಚಿಸಿದರು, ಕೊನೆಗೆ ಫಾರಿನ್ನಿನವರನ್ನು ಪಾಸು ಮಾಡುವ ಅಳಿಯ ಎಂದರೆ ಬೀಗರ ಎದುರು ಹೇಳಲು ಚೆನ್ನಾಗಿಯೇ ಇರುತ್ತದೆ ಎಂದು ಸುಮ್ಮನಾದರು. ವೀರೇಶನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಬೇಕಾಗಿದ್ದುದು ಇನ್ನೂ ನಾಚಿಕೆಗೇಡಿನದು. ಆದ್ದರಿಂದ ಅವನೂ ಅಲ್ಲ ಎನ್ನಲಿಲ್ಲ.

ಸಮಾವೇಶದ ಹಿಂದಿನ ದಿನ ಶಿಲ್ಪಶ್ರೀ ಅಂಗಡಿಗೆ ಬಂದಳು. ಎದುರಿನ ಹಣ್ಣಿನ ಅಂಗಡಿಯವರು ತೂಗುವುದನ್ನು ನಿಲ್ಲಿಸಿ ನೋಡಿದರು.

“ಭಾವ, ಆ ಅಂಚೆಪಟ್ಟಿ ನೋಡಿದ್ರಾ?” ಎಂದಳು. “ನಿಮ್ಮ ಹೆಸರು ಹಾಕಿ ಹುಡುಕಿದೆ, ಬಂತು.”

ಅವನು ನೋಡಿದ್ದ. ನೋಡಿ ಮುಚ್ಚಿದ್ದ. ಅದರಲ್ಲಿ ಯೋಹಾನ್ ಎಲ್ಲರೂ ಓದುವ ಹಾಗೆ ಬರೆದಿದ್ದ. ಪ್ರಿಯ ವೀರೇಶ್, ನಿಮ್ಮ ಮಾತಿನ ಮೇಲೆ ಪ್ಯಾಚನ್ನು ಸೇರಿಸಿದೆವು. ಆದರೆ ಕೆಲವರಿಗೆ ಎರಡನೆಯ ಸಲ ಬೀಳುತ್ತಿದೆಯಂತೆ. ಒಬ್ಬ ಶಾಲಾ ಮೇಷ್ಟ್ರು ಮಕ್ಕಳು ಮಾಡಿದ್ದ ಕೆಲಸವನ್ನೆಲ್ಲ ಕಳೆದುಕೊಂಡಿದ್ದಾರೆ. ನಿಮ್ಮಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಅದು ಹೇಗೆಂದು ದಯವಿಟ್ಟು ತಿಳಿಸಿ. ನಿಮ್ಮಿಂದ ನಾವು ಕಲಿಯಬೇಕಾಗಿದೆ.

ಬೈದಿದ್ದರೆ ವೀರೇಶ ತಿರುಗಿ ಬೈಯುತ್ತಿದ್ದ. ಅದು ಅವನಿಗೆ ಬರುವ ವಿದ್ಯೆ. ಆ ಮನುಷ್ಯ ನಂಬಿದ್ದ.

“ನಿಮ್ಮಲ್ಲೂ ಬೀಳ್ತದೆ ಅಲ್ವಾ?” ಎಂದಳು ಶಿಲ್ಪಶ್ರೀ.

ವೀರೇಶ ಸ್ಕ್ರೂಡ್ರೈವರ್ ತಿರುಗಿಸುತ್ತಾ ಕೂತ. ಕಿವಿ ಕೆಂಪಾಗಿತ್ತು, ಸಿಟ್ಟಿಗಲ್ಲ.

“ಮತ್ತೆ ಚೆನ್ನಾಗಿದೆ ಅಂತ ಎಂತಕ್ಕೆ ಬರೆದ್ರಿ?”

“ಕಷ್ಟಪಟ್ಟು ಮಾಡಿದ್ದ ಅವನು. ಪಾಪ, ಮಗುವಿಗೆ ಬೇರೆ ಹುಷಾರಿರ್ಲಿಲ್ಲ.”

ಶಿಲ್ಪಶ್ರೀ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. “ಗುಳ್ಳೆ ಬಂತು ಅಂತ ಹೇಳೋದಕ್ಕೇ ಅಲ್ವಾ ನಿಮ್ಮನ್ನ ಕೇಳಿದ್ದು?” ಎಂದಳು. ರಂಗಪ್ಪನ ಟ್ಯೂಬು ಆಗಲೇ ಕೊಪ್ಪದ ಕಾಲೇಜಿನವರೆಗೂ ಉರುಳಿತ್ತು. “ಇವತ್ತೇ ಬರೀರಿ ಭಾವ. ಅಪ್ಪನಿಗೂ ಹೇಳಿ, ನಾಳೆ ತೋರಿಸೋದು ಬೇಡ ಅಂತ. ಮತ್ತೆ ಇನ್ನೊಂದು, ನನ್ನ ಹೆಸರಲ್ಲಿ ಯಾರ ಮೀಸೆಯನ್ನೂ ತೆಗೆಸಬೇಡಿ.”

ಅವಳು ಹೋದಳು. ಹಣ್ಣಿನ ಅಂಗಡಿಯವರು ಮಾತುಕತೆ ಮುಗಿಯಿತೆಂದು ಊರಿಗೆ ಸುದ್ದಿ ಕಳಿಸಿದರು. ವೀರೇಶ ಯೋಹಾನನ ಕಾಗದ ತೆರೆದ. ‘ನನ್ನಲ್ಲೂ’ ಎಂದು ಬರೆದ. ಮುಂದಿನ ಶಬ್ದ ಅವನ ಇಂಗ್ಲಿಷಿನಲ್ಲಿ ಇತ್ತು, ಕೈಯಲ್ಲಿ ಇರಲಿಲ್ಲ.

ಸಮಾವೇಶದ ದಿನ ಸಭಾಭವನದಲ್ಲಿ ಕಾಲಿಡಲು ಜಾಗವಿಲ್ಲ. ಊಟ ಮೊದಲು, ಸಭೆ ಆಮೇಲೆ ಎಂದು ಇಟ್ಟಿದ್ದರು. ಸಭೆ ಮೊದಲಿಟ್ಟರೆ ಜನ ಊಟದ ಹೊತ್ತಿಗೆ ಮಾತ್ರ ಬರುತ್ತಾರೆ ಎಂದು ಶಿವಶಂಕರಪ್ಪನವರಿಗೆ ಗೊತ್ತಿತ್ತು. ಊಟಕ್ಕೆ ಅನ್ನಮ್ಮನ ಪತ್ರೊಡೆ ಇತ್ತು. ಈ ಸಲವೂ ಹುಳಿ ಕಮ್ಮಿ. ‘ಬಹಳ ಚೆನ್ನಾಗಿತ್ತು’ ಎಂದು ಕಳೆದ ಸಲ ಬೀದಿಯೇ ಹೇಳಿದ ಮೇಲೆ ಆಕೆ ಹುಳಿ ಯಾಕೆ ಹೆಚ್ಚು ಹಾಕುತ್ತಾರೆ? ಜನರೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಾ ಕುರ್ಚಿ ಹಿಡಿದರು. ಹಾಗಾಗಿ ಸಭೆಗೆ ಒಂದು ಗಾಂಭೀರ್ಯ ಬಂತು.

ಶಾಲು ಹೊದೆಸಿದರು. ಹಾರ ಹಾಕಿದರು. “ನಮ್ಮ ಹುಡುಗ,” ಎಂದರು ಶಿವಶಂಕರಪ್ಪ ಮೈಕಿನಲ್ಲಿ, “ಶಾಲೆಯನ್ನ ಅವನೇ ಬಿಟ್ಟದ್ದು. ಶಾಲೆ ಅವನಿಗೆ ಸಾಕಾಗ್ಲಿಲ್ಲ. ಫಾರಿನ್ನಿನ ಎಂಜಿನಿಯರುಗಳು ಇವತ್ತು ಇವನನ್ನ ಕೇಳ್ತಾರೆ, ಸ್ವಾಮಿ, ನಿಮ್ಮಿಂದ ನಾವು ಕಲೀಬೇಕು ಅಂತ. ನನ್ನ ಮಗಳೇ ಓದಿ ನೋಡಿದಾಳೆ!”

ಶಿಲ್ಪಶ್ರೀ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿದಳು. ಜನ ಅದನ್ನು ನಾಚಿಕೆ ಎಂದುಕೊಂಡರು. ನಾಚಿಕೆಯೇ.

“ಮಾವ, ಇವತ್ತು ಬೇಡ,” ಎಂದ ವೀರೇಶ ಮೆಲ್ಲಗೆ.

“ಎಷ್ಟು ಸಂಕೋಚ ನೋಡಿ!” ಎಂದರು ಮಾವ ಮೈಕಿನಲ್ಲಿ.

ಸೀತೂರಿನ ವರನನ್ನು ಸೇರಿಸಿದ. ದೊಡ್ಡ ಪರದೆಯ ಮೇಲೆ ಹುಡುಗನ ಮುಖ ಬಂತು, ಊರು ಬಂತು, ಕೂತಿತು. ಬೀಳಲಿಲ್ಲ. ಚಪ್ಪಾಳೆ ಸೂರಿಗೆ ಬಡಿಯಿತು. ಹುಡುಗನ ತಂದೆ ಕಣ್ಣೊರೆಸಿಕೊಂಡರು. ವೀರೇಶ ಇಷ್ಟಕ್ಕೇ ಮುಗಿಸಿ ಕೈಮುಗಿದು ಎದ್ದ.

“ಇನ್ನೊಂದು!” ಎಂದರು ಶಿವಶಂಕರಪ್ಪ.

“ಸಾಕು ಮಾವ.”

“ಎಂತ ಸಾಕು? ಶೃಂಗೇರಿಯವರು ಎಂತ ಪಾಪ ಮಾಡಿದಾರೆ? ಸೂಟಿನ ಫೋಟೋನೇ ಹಾಕು!”

ಶೃಂಗೇರಿಯ ವರ ಸೂಟು, ಗುಲಾಬಿ ಗಿಡ ಸಮೇತ ಒಳಗೆ ಹೊರಟ. ಅರ್ಧ ಮುಖ ಬಂತು. ಪರದೆ ಕಪ್ಪಾಯಿತು.

ವೀರೇಶ ಕಾದ. ಈಗ ಮಾವ ಬೈಯುತ್ತಾರೆ, ಜನ ನಗುತ್ತಾರೆ, ರಂಗಪ್ಪ ಕಾಫಿ ಚೆಲ್ಲುತ್ತಾನೆ. ಬೈದರೆ ಬಾಯಿ ತೆರೆಯುತ್ತದೆ. ಹೌದು, ಬೀಳ್ತದೆ, ನನಗೆ ಮೊದಲೇ ಗೊತ್ತಿತ್ತು ಎಂದು ಕೂಗಿಬಿಡಬಹುದು. ಅವನು ಕಿವಿ ಕೆಂಪು ಮಾಡಿಕೊಂಡು ತಯಾರಾಗಿ ನಿಂತ.

“ಕರೆಂಟು ಹೋಯ್ತು,” ಎಂದರು ಬಾಳೆಹೊನ್ನೂರಿನವರೊಬ್ಬರು.

ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು. ಫ್ಯಾನು ಜೋರಾಗಿ ತಿರುಗುತ್ತಿತ್ತು.

“ಹೌದು ಹೌದು, ಕರೆಂಟು,” ಎಂದರು ಶೃಂಗೇರಿಯವರು, ತಮ್ಮ ಮಗನ ಅರ್ಧ ಮುಖ ಹೋದದ್ದನ್ನು ನುಂಗಿಕೊಂಡು. ತಿರುಗುವ ಫ್ಯಾನಿನ ಕೆಳಗೆ ಇಡೀ ಸಭೆ ಕರೆಂಟನ್ನು ಬೈಯಿತು.

ಆಗ ಅನ್ನಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತರು. “ಪಾಪ, ಎಷ್ಟು ಕಷ್ಟಪಟ್ಟಿದಾನೆ ಹುಡುಗ. ಬಂದಷ್ಟು ಚೆನ್ನಾಗೇ ಬಂತಲ್ಲ!”

“ಚೆನ್ನಾಗಿತ್ತು,” ಎಂದಿತು ಸಭೆ. “ಬಹಳ ಚೆನ್ನಾಗಿತ್ತು.” ರಂಗಪ್ಪ ಚಪ್ಪಾಳೆ ತಟ್ಟಿದ. ಮೀಸೆ ಕಳೆದುಕೊಂಡ ಕೊಪ್ಪದ ಹುಡುಗನೂ ತಟ್ಟಿದ. ಗಂಗಾಂಬಿಕೆ ಎಲ್ಲರಿಗೂ ಕೈಮುಗಿದರು. ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ಚಪ್ಪಾಳೆ ತಟ್ಟದೆ ವೀರೇಶನನ್ನೇ ನೋಡುತ್ತಿದ್ದಳು.

ಈ ಊರಿನಲ್ಲಿ ಅವನಿಗೆ ಯಾರೂ ದಾಕ್ಷಿಣ್ಯ ತೋರಿಸಿರಲಿಲ್ಲ. ಇವತ್ತು ಎಲ್ಲರೂ ಒಟ್ಟಿಗೆ ತೋರಿಸಿದರು. ಒಂಬತ್ತು ಫೇಲು ಎಂದು ನಕ್ಕ ದಿನ ಕನಿಷ್ಠ ಅವರು ನಿಜ ಹೇಳಿದ್ದರು.

ವೀರೇಶ ಹಾರ ತೆಗೆದು ಮೇಜಿನ ಮೇಲಿಟ್ಟ. ಶಾಲನ್ನು ಮಡಚಿ ಅದರ ಪಕ್ಕ ಇಟ್ಟು ಮೆಟ್ಟಿಲಿಳಿದ. “ಎಲ್ಲಿಗಾ ಮಾರಾಯ, ವಂದನಾರ್ಪಣೆ ಇದೆ!” ಎಂದು ಮಾವನ ಮೈಕು ಕೂಗಿತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ‘ನನ್ನಲ್ಲೂ’ ಎಂಬ ಒಂದು ಶಬ್ದ ನಿನ್ನೆಯಿಂದ ಪರದೆಯ ಮೇಲೆ ಕಾಯುತ್ತಾ ಕೂತಿತ್ತು.

ಬಾಗಿಲ ಹತ್ತಿರ ಅನ್ನಮ್ಮ ಅಡ್ಡ ಬಂದರು. ಹಳೆಯದನ್ನೆಲ್ಲ ಮರೆತ ಮುಖ. “ಊಟ ಆಯ್ತನಾ ಮಗ? ಈ ಸಲ ಪತ್ರೊಡೆ ಹೇಗಿತ್ತು?”

ಅವನ ಗಂಟಲು ತುರಿಸುತ್ತಿತ್ತು. ಕಣ್ಣಿನಲ್ಲಿ ನೀರು ಬರುವಷ್ಟು ತುರಿಸುತ್ತಿತ್ತು. ಅನ್ನಮ್ಮ ನಗುತ್ತಾ ಕಾದು ನಿಂತರು. ಅವರ ಹಿಂದೆ ಅರ್ಧ ಊರು ಕುತ್ತಿಗೆ ಉದ್ದ ಮಾಡಿ ಕಾದಿತು.

ವೀರೇಶ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹಿಂದೆ ನೋಡದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.